ಮಳೆ ಇಲ್ಲದ ದಿನದ ಕರ್ಸರ್

ಮೈಸೂರಿನಿಂದ ಅಕ್ಕ ಫೋನ್ ಮಾಡಿ, ಹಲೋ ಕೂಡ ಹೇಳದೆ, “ಮಾರ್ಚ್ 16ಕ್ಕೆ ಅಲ್ಲಿ 201 ಇಂಚು ಮಳೆ ಬಂತಾ?” ಅಂತ ಕೇಳಿದಳು. ಕೊಡಗಿನಲ್ಲಿ ಮಳೆಗೇ ಹೆಸರಾದ ಭಾಗಮಂಡಲದಲ್ಲೂ ಅಷ್ಟು ಬೀಳಬೇಕಾದರೆ ಒಂದು ಮಳೆಗಾಲ ಬೇಕು. ನಮ್ಮದು ಸುಂಟಿಕೊಪ್ಪದ ಕಡೆ. ನಮಗೆ ಬಂದದ್ದು 1 ಇಂಚು 20 ಸೆಂಟ್. ಉಳಿದ ಹತ್ತಿರಹತ್ತಿರ 200 ಇಂಚನ್ನು ಸುರಿಸಿದ್ದು ಕಂಪ್ಯೂಟರಿನ ಕರ್ಸರ್.

ಹಳೇ ಮೇಲ್ ಪ್ರೋಗ್ರಾಂ ಇನ್ನು ನಡೆಯೋದಿಲ್ಲ ಅಂತ ಮಗ ಹೊಸದೊಂದನ್ನು ಹಾಕಿಕೊಟ್ಟು ಬೆಂಗಳೂರಿಗೆ ಬಸ್ ಹತ್ತಿದ. ತಿಂಗಳ ಮಳೆ ಲೆಕ್ಕವನ್ನು ನಾನು ಅಕ್ಕನಿಗೆ ಮೇಲ್‌ನಲ್ಲೇ ಬರೆಯುವುದು, ದಿನಕ್ಕೊಂದು ಸಾಲು. 14ರ ಸಾಲಿನಲ್ಲಿ ‘1 ಇಂಚು 10’ ಅಂತ ಇತ್ತು. 15ರಲ್ಲಿ ಬರೀ ಒಂದು ಗೀಟು, ಯಾಕೆಂದರೆ ಅವತ್ತು ಮಳೆ ಇಲ್ಲ. 16ರಲ್ಲಿ ‘1 ಇಂಚು’ ಅಂತ ಹಾಕಿ ಸೆಂಟ್ ಜಾಗ ಖಾಲಿ ಬಿಟ್ಟಿದ್ದೆ, ತೋಟದ ಲೆಕ್ಕ ಬರೆಯುವ ರೈಟರ್ ಚೀಟಿ ಬರಲಿ ಅಂತ. ಚೀಟಿ ಬಂತು. 14ರ ಸಾಲಿನ ಕೊನೆಯಲ್ಲಿದ್ದವನು ಡೌನ್ ಆ್ಯರೋ ಒತ್ತಿದೆ, ಇನ್ನೊಮ್ಮೆ ಒತ್ತಿದೆ, 20 ಅಂತ ಹೊಡೆದೆ, ಕಳಿಸಿದೆ. ನಾನು ಬಲ್ಲ ಯಾವ ಎಡಿಟರ್, ಅಂದರೆ ಬರೆಯುವ ಪ್ರೋಗ್ರಾಂ, ಆದರೂ ಗಿಡ್ಡ ಸಾಲು ದಾಟಿದ ಮೇಲೆ ಕರ್ಸರನ್ನು ಮತ್ತೆ ಬಲಕ್ಕೆ, ಅದು ಹೊರಟಿದ್ದ ಜಾಗದ ನೇರಕ್ಕೆ ತರುತ್ತದೆ. ಇದು ತರುವುದಿಲ್ಲ. ಗೀಟಿನ ಪಕ್ಕ ನಿಂತದ್ದೇ ತನ್ನ ಊರು ಅಂದುಕೊಂಡು ಅಲ್ಲಿಂದ ನೆಟ್ಟಗೆ ಕೆಳಗಿಳಿದು, ಒಂದರ ಎಡಗಡೆ ಹೋಗಿ ಕೂರುತ್ತದೆ. 20ರ ಪಕ್ಕ 1. 201.

ಮಾಮೂಲಿ ಹೋಟೆಲಿನಲ್ಲಿ ನೀವು ಕೇಳದೆಯೇ ಸಕ್ಕರೆ ಕಮ್ಮಿ ಕಾಫಿ ಬಂದು ಕೂರುತ್ತದಲ್ವಾ, ಅಂಥ ಮರ್ಯಾದೆ ಇದು. ಇರುವಷ್ಟು ದಿನ ಯಾರೂ ಗಮನಿಸಲ್ಲ. 1976ರಲ್ಲಿ ಅಮೆರಿಕದ ಪ್ರೋಗ್ರಾಮರ್ ಬಿಲ್ ಜಾಯ್ ಬರೆದ ವಿಐ ಎಡಿಟರ್‌ಗೇ ಈ ನೆನಪಿತ್ತು. ಐವತ್ತು ವರ್ಷದ ಹಿಂದೆ ಬಂದ ಬುದ್ಧಿ ಹೊಸ ಪ್ರೋಗ್ರಾಂಗೆ ಯಾಕಿಲ್ಲ ಅನ್ನುವುದಕ್ಕೆ ನನ್ನದೊಂದು ಸಿದ್ಧಾಂತ ಇದೆ. ಹೇಳುತ್ತೇನೆ. ಅದಕ್ಕೆ ಮುಂಚೆ ಈ ಸೆಂಟ್ ವಿಷಯ ಹೇಳಿಬಿಡಬೇಕು, ಇಲ್ಲದಿದ್ದರೆ ಘಟ್ಟದ ಕೆಳಗಿನವರಿಗೆ ನಾನು ಅತ್ತರಿನ ಬಗ್ಗೆ ಮಾತಾಡುತ್ತಿದ್ದೇನೆ ಅನ್ನಿಸಬಹುದು.

ಕೊಡಗಿನ ತೋಟಗಳಲ್ಲಿ ಮಳೆಯನ್ನು ಇಂಚು, ಸೆಂಟ್‌ನಲ್ಲಿ ಅಳೆಯುತ್ತಾರೆ. ನೂರು ಸೆಂಟ್‌ಗೆ ಒಂದು ಇಂಚು. ಪೇಪರ್, ಟೀವಿ ಎಲ್ಲ ಮಿಲಿಮೀಟರ್ ಅನ್ನುತ್ತವೆ, ನಾವು ಅದನ್ನು ಇಪ್ಪತ್ತೈದರಿಂದ ಭಾಗಿಸಿ, ಹೋಲಿಸಿ, ನಂಬದೆ ಬಿಡುತ್ತೇವೆ. 1956ರಲ್ಲಿ ಎರಡು ಕೆಲಸ ಆದವು: ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು, ದೇಶಕ್ಕೆ ಮೆಟ್ರಿಕ್ ಅಳತೆಯ ಕಾನೂನು ಬಂತು. ರಾಜ್ಯ ಬದಲಾಯಿತು. ಸೆಂಟ್ ಹಾಗೇ ಉಳಿಯಿತು.

ಅಳೆಯುವುದಕ್ಕೂ ಒಂದು ಕ್ರಮ ಇದೆ. ಬೆಳಿಗ್ಗೆ ಡಬ್ಬಿಯ ನೀರನ್ನು ಗಾಜಿನ ಕೊಳವೆಗೆ ಸುರಿದು, ಸಮ ಜಾಗದಲ್ಲಿಟ್ಟು, ಮಂಡಿಯೂರಿ ಕಣ್ಣು ಗೆರೆಯ ಮಟ್ಟಕ್ಕೆ ತರಬೇಕು. ಗಾಜಿನ ಅಂಚಿನಲ್ಲಿ ನೀರು ಸ್ವಲ್ಪ ಮೇಲಕ್ಕೆ ಹತ್ತಿರುತ್ತದೆ, ನಡುವೆ ಕುಳಿ ಬಿದ್ದಿರುತ್ತದೆ. ಕುಳಿಯ ತಳವನ್ನು ಓದಬೇಕು. ನಿಂತಲ್ಲಿಂದಲೇ ಮೇಲಿನಿಂದ ಬಗ್ಗಿ ನೋಡಿ ಅಂಚು ಓದಿದರೆ ಒಂದೆರಡು ಸೆಂಟ್ ಜಾಸ್ತಿ ಸಿಗುತ್ತದೆ, ಮತ್ತು ಅದು ಪಕ್ಕದ ತೋಟದವರ ಪದ್ಧತಿ. ಬೆಳಿಗ್ಗೆ ಫೋನ್ ಬರುತ್ತದೆ, “ನಿಮಗೆ ಎಷ್ಟು ಸೆಂಟ್?” ಮೊದಲು ಹೇಳಿದವನು ಕೆಟ್ಟ. ನಾನು 80 ಅಂದರೆ ಅವರದು 95. ನಾನು 95 ಅಂದ ದಿನ ಅವರಿಗೆ 1 ಇಂಚು 5. ನಡುವೆ ಇರುವುದು ಒಂದು ಬೇಲಿ, ಎರಡು ಬಳಂಜಿ ಮರ, ಅಷ್ಟೇ. ಮೋಡಕ್ಕೆ ಅವರ ಮೇಲೆ ಯಾಕಿಷ್ಟು ಪ್ರೀತಿಯೋ! ಒಂದು ದಿನ ನಾನೇ “ನೀವೇ ಮೊದಲು ಹೇಳಿ” ಅಂದೆ. “ಇನ್ನೂ ನೋಡಿಲ್ಲ” ಅಂದರು. ಹತ್ತು ಗಂಟೆಗೆ!

ಇದು ಬರೀ ಜಂಬದ ಆಟ ಅಲ್ಲ. ಹೂ ಮಳೆ ಒಂದು ಇಂಚಿನ ಹತ್ತಿರ ಬಿದ್ದರೆ ರೋಬಸ್ಟಾ ಕಾಫಿಯ ಮೊಗ್ಗು ಎಂಟು–ಹತ್ತು ದಿನದಲ್ಲಿ ಅರಳಿ ತೋಟ ಪೂರ್ತಿ ಬೆಳ್ಳಗಾಗುತ್ತದೆ, ಮಲ್ಲಿಗೆ ತರದ ವಾಸನೆ ರಸ್ತೆವರೆಗೂ ಬರುತ್ತದೆ. 40 ಸೆಂಟ್ ಬಿದ್ದು ಕೈಕೊಟ್ಟರೆ ಮೊಗ್ಗು ಅರೆಬರೆ. ಆಗ ಕೆರೆಗೆ ಪಂಪು ಇಳಿಸಿ ಸ್ಪ್ರಿಂಕ್ಲರ್ ಹಾಕಬೇಕು, ಪೈಪು ಎಳೆಯಲು ಆಳು ಹುಡುಕಬೇಕು, ಡೀಸೆಲ್ ಸುರಿಯಬೇಕು. ಹೂ ಆದ ಮೇಲೆ ಎರಡು–ಮೂರು ವಾರಕ್ಕೆ ಇನ್ನೊಂದು ಮಳೆ ಬರಬೇಕು, ಇಲ್ಲದಿದ್ದರೆ ಕಾಯಿ ಕಚ್ಚಿಕೊಳ್ಳುವುದು ಕಷ್ಟ. ಹಾಗಾಗಿ ಅಕ್ಕ ಮೈಸೂರಿನಲ್ಲಿ ಕೂತು ತನ್ನ ಪಾಲಿನ ಕಾಫಿಯನ್ನು ಓದುವುದು ಈ ಅಂಕಿಗಳಲ್ಲೇ. ಮೇಲ್ ಬದಲು ಎಕ್ಸೆಲ್ ಕಳಿಸಬಹುದಲ್ಲ ಅಂತ ಕೇಳಬೇಡಿ. ಅವಳ ಫೋನಿನಲ್ಲಿ ಅದು ತೆರೆಯುವುದಿಲ್ಲ, ತೆರೆದರೂ ಅವಳು ತೆರೆಯುವುದಿಲ್ಲ.

ಮಗನಿಗೆ ಕರ್ಸರ್ ವಿಷಯ ಹೇಳಿದೆ. “ಅಭ್ಯಾಸ ಆಗುತ್ತೆ ಅಪ್ಪ” ಅಂದ. ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಅಭ್ಯಾಸ ಆಗುತ್ತದೆ, ಗೊತ್ತು. ಯಾವುದಕ್ಕೆ ಆಗಲ್ಲ? ಬೇಲಿ ಮುರಿದು ಬರುವ ಆನೆಗೂ ಆಗಿದೆ. ಮಾಡಿದವನು ಅರ್ಧ ಮಾಡಿ ಬಿಟ್ಟದ್ದನ್ನು ಬಳಸುವವನ ಬೆರಳು ಪೂರ್ತಿ ಮಾಡಿಕೊಳ್ಳಬೇಕು, ಅದಕ್ಕೆ ಅಭ್ಯಾಸ ಅಂತ ಹೆಸರು. ಆ ವಿಐ ಎಡಿಟರನ್ನೇ ನೋಡಿ. ಜಾಯ್ ಬಳಸುತ್ತಿದ್ದ ಎಡಿಎಂ-3ಎ ಅನ್ನುವ ಟರ್ಮಿನಲ್‌ನಲ್ಲಿ (ಪರದೆ, ಕೀಲಿಮಣೆ ಸೇರಿದ ಯಂತ್ರ) ಬಾಣದ ಗುರುತು ಹೆಚ್, ಜೆ, ಕೆ, ಎಲ್ ಕೀಲಿಗಳ ಮೇಲೇ ಇತ್ತು, ಆದ್ದರಿಂದ ಕರ್ಸರ್ ಓಡಿಸಲು ಆ ಅಕ್ಷರಗಳೇ ಆದವು. ಟರ್ಮಿನಲ್ ಹೋಗಿ ಎಷ್ಟೋ ಕಾಲ ಆಯಿತು, ಅದಕ್ಕೆ ಒಗ್ಗಿದವರು ಇವತ್ತಿಗೂ ಬೇರೆ ಕಡೆ ಬರೆಯುವಾಗ ಕೆಳಗಿಳಿಯಲು ಹೋಗಿ ನಡುವೆ ಜೆಜೆಜೆ ಅಂತ ಉದುರಿಸುತ್ತಾರೆ.

ನಾನು ಒಗ್ಗದ ಮನುಷ್ಯನೇನಲ್ಲ. ಕನ್ನಡದಲ್ಲಿ ಟೈಪ್ ಮಾಡುವವರು ಕಮ್ಮಿ ಸಹಿಸಿದ್ದೇವಾ? ‘ಬ್ಲಾಸಂ’ ಅಂತ ಬರೆದು ನೋಡಿ. ಬಾಣದ ಕೀಲಿಗೆ ‘ಬ್ಲಾ’ ಒಂದೇ ಹೆಜ್ಜೆ. ಬ್ಯಾಕ್‌ಸ್ಪೇಸ್‌ಗೆ ಹಲವು ಕಡೆ ನಾಲ್ಕು: ಮೊದಲು ದೀರ್ಘ ಹೋಗುತ್ತದೆ, ಆಮೇಲೆ ಲ, ಆಮೇಲೆ ಕಣ್ಣಿಗೆ ಸರಿಯಾಗಿ ಕಾಣದ ಒಂದು ಹಲಂತ, ಕೊನೆಗೆ ಬ. ಡಿಲೀಟ್ ಒತ್ತಿದರೋ ನಾಲ್ಕೂ ಒಂದೇ ಗುಟುಕಿಗೆ. ಇದಕ್ಕೆ ನಾನು ಬೈಯಲ್ಲ, ಒಳಗೆ ನಿಜವಾಗಿಯೂ ನಾಲ್ಕು ತುಂಡು ಇದೆ, ಒಂದು ತಪ್ಪಿದ್ದರೆ ಅದನ್ನಷ್ಟೇ ತೆಗೆಯಬಹುದು. ಕಾರಣ ಇರುವ ವಕ್ರತನ. ಮೇಲ್ ಪ್ರೋಗ್ರಾಂನದು ಕಾರಣ ಇಲ್ಲದ್ದು.

ಸದ್ಯಕ್ಕೆ ಪ್ರತಿ ಸಾಲಿಗೂ ಎಂಡ್ ಕೀಲಿ ಒತ್ತುತ್ತಿದ್ದೇನೆ. ಕೆಳಗೆ, ಎಂಡ್, ಕೆಳಗೆ, ಎಂಡ್. ಹಾಗೆ ಇಳಿಯುತ್ತಾ ಒಂದು ವಿಷಯ ಹೊಳೆಯಿತು: ಈ ಕರ್ಸರ್ ಎಡವುವುದು ಮಳೆ ಇಲ್ಲದ ದಿನ ಮಾತ್ರ. ಜೂನ್ ಬಂದರೆ ದಿನಾ ಮಳೆ, ಯಾವ ಸಾಲೂ ಬರೀ ಗೀಟಲ್ಲ, ಎಲ್ಲವೂ ಹೆಚ್ಚುಕಮ್ಮಿ ಒಂದೇ ಉದ್ದ, ಕರ್ಸರ್ ನೆಟ್ಟಗೆ ಇಳಿದೀತು. ನನ್ನ ಸಿದ್ಧಾಂತ ಇದೇ: ಪ್ರೋಗ್ರಾಂ ಬರೆದವನು ಭಾಗಮಂಡಲದವನೇ ಇರಬೇಕು. ಆದರೆ ಜೂನ್‌ನಲ್ಲಿ ನಮ್ಮಲ್ಲಿ ಮರ ಬಿದ್ದು ಕರೆಂಟ್ ಹೋದರೆ ಬರುವುದು ಯಾವಾಗ ಅಂತ ಹೇಳುವವರಿಲ್ಲ, ಟವರ್ ಕೂಡ ಅದರ ಹಿಂದೆಯೇ. ಮಳೆ ಲೆಕ್ಕ ಆಗ ವಾರದ ಸಂತೆಗೆ ಹೋಗುವವರ ಕೈಯಲ್ಲಿ ಚೀಟಿಯಾಗಿ ಹೋಗಿ, ಅಲ್ಲಿಂದ ಮೈಸೂರು ಬಸ್ ಹತ್ತುತ್ತದೆ. ಪಕ್ಕದ ತೋಟದವರೇ ಒಯ್ಯುವುದು ಜಾಸ್ತಿ, ಅದಕ್ಕೇ ನಾನು ಅಂಟು ಹಚ್ಚಿ ಕೊಡುತ್ತೇನೆ.