ಕಲ್ಲು ಓದಿದವರು ಕೊಟ್ಟಿಗೆಗೆ ಬರಲಿಲ್ಲ

ಬೆಳಿಗ್ಗೆಯಿಂದ ಹೊಟ್ಟೆಯೊಳಗೆ ಕುದಿಯುತ್ತಾ ಇದೆ. ಬರೆದರೆ ಸ್ವಲ್ಪ ಸಮಾಧಾನ ಆಗಬಹುದು ಅಂತ ಕೂತಿದ್ದೇನೆ. ಉದ್ದ ಆಗುತ್ತದೆ, ಓದುವಷ್ಟು ಓದಿ.

ನಮ್ಮೂರ ಬಾಗಿಲಲ್ಲಿರುವ ಯಂತ್ರದ ಕಲ್ಲು ನಿಮಗೆ ಗೊತ್ತು. ನಾನೇ ಎಷ್ಟೋ ಸಲ ಫೋಟೋ ಹಾಕಿದ್ದೇನೆ. ಎದೆಮಟ್ಟದ ಚಪ್ಪಡಿ. ಮೇಲೆ ಸೂರ್ಯ, ಚಂದ್ರ. ಕೆಳಗೆ ಗೆರೆ ಎಳೆದು ಮನೆ ಮಾಡಿ, ಒಂದೊಂದು ಮನೆಯಲ್ಲಿ ಒಂದೊಂದು ಅಕ್ಷರ. ಕೋಲಾರ, ಚಿಕ್ಕಬಳ್ಳಾಪುರ ಕಡೆ ಓಡಾಡಿದವರು ಇಂಥ ಕಲ್ಲುಗಳನ್ನು ನೋಡಿರುತ್ತೀರಿ. ಎಷ್ಟೋ ಕಡೆ ರಸ್ತೆ ಅಗಲ ಮಾಡುವಾಗ ಕಿತ್ತು ಚರಂಡಿಗೆ ಹಾಸಿದ್ದಾರೆ. ನಮ್ಮದು ಇನ್ನೂ ನಿಂತಿದೆ.

ಈ ವಾರ ಒಂದು ವಿಶ್ವವಿದ್ಯಾಲಯದ ಇತಿಹಾಸ ವಿಭಾಗದ ಹುಡುಗರು ಬಂದಿದ್ದರು. ಹೆಸರು ಬರೆಯುವುದಿಲ್ಲ, ಒಂದೇ ಕಡೆಯವರ ತಪ್ಪು ಇದಲ್ಲ. ಪಾರಂಪರಿಕ ತಾಣಗಳ ಪ್ರಚಾರಕ್ಕೆ ಅಂತ ಏನೋ ಯೋಜನೆಯಂತೆ. ಕೆಲಸ ಮಾತ್ರ ಚೆನ್ನಾಗಿ ಮಾಡಿದರು. ಕಲ್ಲನ್ನು ಬ್ರಷ್ ಹಾಕಿ ತೊಳೆದರು. ಒದ್ದೆ ಕಾಗದ ಅಂಟಿಸಿ, ಬ್ರಷ್‌ನಿಂದ ತಟ್ಟಿ ತಟ್ಟಿ ಅಕ್ಷರದ ಗುಂಡಿಯೊಳಕ್ಕೆ ಇಳಿಸಿದರು. ಮೇಲೆ ಮಸಿ ಒತ್ತಿದಾಗ ಕಪ್ಪಿನ ನಡುವೆ ಬಿಳಿ ಅಕ್ಷರ ಎದ್ದು ಬಂತು. ಅಷ್ಟು ವರ್ಷ ನೋಡಿದ ಕಲ್ಲೇ ಆದರೂ ಆ ಅಕ್ಷರಗಳನ್ನು ಅಷ್ಟು ಸ್ಪಷ್ಟವಾಗಿ ನಾನು ಯಾವತ್ತೂ ನೋಡಿರಲಿಲ್ಲ. ನಿಜವಾಗಲೂ ಖುಷಿಯಾಯಿತು.

ನಮ್ಮ ದೊಡ್ಡಮ್ಮ ಪಕ್ಕದಲ್ಲೇ ಕೂತಿದ್ದರು. ಒಬ್ಬ ಹುಡುಗ ಬಂದು ಕೇಳಿದ.

"ಅಜ್ಜಿ, ಈ ಕಲ್ಲನ್ನ ಯಾಕೆ ನಿಲ್ಲಿಸಿದ್ದಾರೆ?"

"ದನಕ್ಕೆ ರೋಗ ಬಂದಾಗ ಇದರ ಮೇಲೆ ನೀರು ಹುಯ್ಯೋರು ಕಣಪ್ಪ. ಆ ನೀರನ್ನ ಬೇವಿನ ಸೊಪ್ಪಲ್ಲಿ ದನದ ಮೇಲೆ ಚಿಮುಕಿಸಿ, ಹಿಂಗೆ ಸಾಲಾಗಿ ಹೊಡ್ಕೊಂಡು ಹೋಗೋರು."

ಆತ "ಜಾನುವಾರು ರೋಗ ನಿವಾರಣೆಗಾಗಿ" ಅಂತ ಬರೆದುಕೊಂಡ. ಅಷ್ಟೇ. ಮುಂದಿನ ಪ್ರಶ್ನೆ, ಕಲ್ಲಿನ ಎತ್ತರ ಎಷ್ಟು.

ಯಾವ ರೋಗ? ಕೇಳಲಿಲ್ಲ. ಯಾವಾಗ? ಕೇಳಲಿಲ್ಲ. ಎಷ್ಟು ದನ ಸತ್ತವು, ಮೊದಲು ಯಾರ ಮನೆಗೆ ಬಂತು, ಎಲ್ಲಿಂದ ಬಂತು? ಯಾವುದೂ ಇಲ್ಲ. ಕಲ್ಲು ಅವರಿಗೆ ಬೇಕಿತ್ತು, ಅದನ್ನು ನಿಲ್ಲಿಸಲು ಕಾರಣವಾದ ದನ ಬೇಕಿರಲಿಲ್ಲ.

ಇದಾಗಿ ಎರಡೇ ದಿನಕ್ಕೆ, ಅಂದರೆ ಇವತ್ತು ಬೆಳಿಗ್ಗೆ, ಇನ್ನೊಂದು ಗುಂಪು ಬಂತು. ಇವರು ಪಶುವೈದ್ಯಕೀಯ ಓದುವವರು. ಥರ್ಮೋಕೋಲ್ ಡಬ್ಬದಲ್ಲಿ ಐಸ್, ಸಣ್ಣ ಸಣ್ಣ ಗಾಜಿನ ನಳಿಗೆ. ನಮ್ಮ ಬೀದಿಯ ಹಸುಗಳ ಕತ್ತಿನಿಂದ ರಕ್ತ ತೆಗೆದರು. ಕಿವಿಯ ಓಲೆಯ ಹನ್ನೆರಡು ಅಂಕಿ ಬರೆದುಕೊಂಡರು. ಹಸು ಹೆದರದ ಹಾಗೆ ಗಂಗೆದೊಗಲು ಸವರುತ್ತಾ ಸೂಜಿ ಹಾಕಿದ ಹುಡುಗಿಯ ಕೈ ನೋಡಿ ಮೆಚ್ಚಿಕೊಂಡೆ. ಅವರ ಜೀಪು ನಿಂತಿದ್ದು ಆ ಕಲ್ಲಿನ ಪಕ್ಕದಲ್ಲೇ. ಒಬ್ಬರೂ ತಿರುಗಿ ನೋಡಲಿಲ್ಲ. "ಇದು ನಿಮಗೆ ಸಂಬಂಧಪಟ್ಟ ಕಲ್ಲೇ" ಅಂತ ನಾನೇ ಹೇಳಿದೆ. ಜೊತೆಗಿದ್ದ ಮೇಷ್ಟ್ರು, "ಅದೆಲ್ಲ ಹಿಸ್ಟರಿಯವರದ್ದು ಮೇಡಂ" ಅಂದರು.

ಆಗ ಹತ್ತಿದ ಸಿಟ್ಟು ಇನ್ನೂ ಇಳಿದಿಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುತ್ತಾರಲ್ಲ, ಹಾಗಾಗಿದೆ ನಮ್ಮ ಸಂಶೋಧನೆ. ಒಂದೇ ಊರು, ಒಂದೇ ದನ, ಒಂದೇ ಅಜ್ಜಿ. ಪರಂಪರೆಯವರು ರೋಗದ ಬಗ್ಗೆ ಕೇಳುವುದಿಲ್ಲ. ರೋಗದವರು ಪರಂಪರೆಯ ಬಗ್ಗೆ ಕೇಳುವುದಿಲ್ಲ.

ದೊಡ್ಡಮ್ಮನನ್ನು ಯಾರಾದರೂ ಕೂರಿಸಿಕೊಂಡು ಕೇಳಿದ್ದರೆ ಏನು ಸಿಗುತ್ತಿತ್ತು ಗೊತ್ತಾ? ಅವರ ಅತ್ತೆ ಹೇಳುತ್ತಿದ್ದ ದೊಡ್ಡರೋಗದ ಕಥೆ ಸಿಗುತ್ತಿತ್ತು. ದನದ ಕಣ್ಣಲ್ಲಿ ನೀರು ಸುರಿಯುವುದು, ಬಾಯೊಳಗೆ ಹುಣ್ಣು, ಆಮೇಲೆ ನಿಲ್ಲದ ಭೇದಿ, ಕೊಟ್ಟಿಗೆಗೆ ಕಾಲಿಡಲಾಗದ ನಾತ, ವಾರ ಹತ್ತು ದಿನಕ್ಕೆ ಸಾವು. ಇವತ್ತಿನ ಪುಸ್ತಕದಲ್ಲಿ ರಿಂಡರ್‌ಪೆಸ್ಟ್ ಲಕ್ಷಣ ಅಂತ ಬರೆದಿರುವುದೂ ಇದನ್ನೇ. ಶಾಲೆಯ ಮೆಟ್ಟಿಲು ಹತ್ತದ ಹೆಂಗಸು ಒಂದು ತಲೆಮಾರಿನ ಹಿಂದಿನ ರೋಗವನ್ನು ಬಾಯಲ್ಲಿ ಉಳಿಸಿಕೊಂಡಿದ್ದಾರೆ. ಪರಸೆಯಿಂದ, ಅಂದರೆ ದನದ ಜಾತ್ರೆಯಿಂದ, ಹೊಸ ಎತ್ತು ತಂದವರ ಮನೆಯಲ್ಲೇ ಮೊದಲು ಶುರುವಾಯಿತು ಅನ್ನುವುದನ್ನೂ ಹೇಳುತ್ತಾರೆ. ಆಮೇಲೆ ಊರ ಬಾಗಿಲಿಗೆ ಬೇವಿನ ತೋರಣ ಕಟ್ಟಿ, ಹೊರಗಿನ ದನ ಒಳಗೆ ಬಿಡುತ್ತಿರಲಿಲ್ಲವಂತೆ. ಇಲ್ಲಿಯ ದನವನ್ನೂ ಸಂತೆಗೆ ಹೊಡೆಯುತ್ತಿರಲಿಲ್ಲವಂತೆ. ಈಗ ಇದೇ ಕೆಲಸವನ್ನು ಕಲೆಕ್ಟರ್ ಆದೇಶ ಮಾಡಿಸುತ್ತದೆ.

ಆ ದೊಡ್ಡರೋಗಕ್ಕೆ ಸೀರಂ ತಯಾರಿಸಲೆಂದೇ ಮೈಸೂರು ಸಂಸ್ಥಾನದ ಕಾಲದಲ್ಲಿ, 1925ರಲ್ಲಿ, ಬೆಂಗಳೂರಿನಲ್ಲಿ ಸೀರಂ ಸಂಸ್ಥೆ ಶುರುವಾಯಿತು. ಹೆಬ್ಬಾಳದಲ್ಲಿ ಈಗಲೂ ಅದು ಲಸಿಕೆ ಮಾಡುತ್ತಿದೆ. 2011ರಲ್ಲಿ ಇಡೀ ಜಗತ್ತಿನಿಂದಲೇ ರಿಂಡರ್‌ಪೆಸ್ಟ್ ಹೋಯಿತು ಅಂತ ಘೋಷಣೆಯಾಯಿತು. ಮನುಷ್ಯರ ಸಿಡುಬಿನ ನಂತರ ಭೂಮಿಯಿಂದ ಪೂರ್ತಿ ಅಳಿಸಿದ ಎರಡನೇ ರೋಗ ಅದು. ಎಷ್ಟು ದೊಡ್ಡ ವಿಷಯ ಅಲ್ವಾ! ಆ ಕಥೆಯ ಒಂದು ತುದಿ ಹೆಬ್ಬಾಳದಲ್ಲಿದ್ದರೆ ಇನ್ನೊಂದು ತುದಿ ನಮ್ಮೂರ ಬಾಗಿಲಲ್ಲಿ ಕಲ್ಲಾಗಿ ನಿಂತಿದೆ. ಎರಡನ್ನೂ ಸೇರಿಸಿ ಒಂದು ಪುಟ ಬರೆದುಕೊಡಿ, ನಮ್ಮ ಶಾಲೆಯ ಮಕ್ಕಳು ಬಾಯಿಪಾಠ ಮಾಡುತ್ತಾರೆ.

ಈಗ ಕೆಲವರು ಬರುತ್ತಾರೆ ಅಂತ ಗೊತ್ತು. "ಹಾಗಾದರೆ ಕಲ್ಲಿಗೆ ನೀರು ಹಾಕಿದರೆ ರೋಗ ಹೋಗುತ್ತೆ ಅಂತೀರಾ? ಮೂಢನಂಬಿಕೆಗೆ ವಿಜ್ಞಾನದ ಬಣ್ಣ ಬಳಿಯುತ್ತಿದ್ದೀರಾ?" ಇಲ್ಲ. ನಾನು ಹಾಗೆ ಹೇಳಿಲ್ಲ, ಹೇಳುವುದೂ ಇಲ್ಲ. ದೊಡ್ಡರೋಗ ಹೋಗಿದ್ದು ಲಸಿಕೆಯಿಂದ. ಕಾಲುಬಾಯಿ ಜ್ವರಕ್ಕೂ ಲಸಿಕೆಯೇ ಬೇಕು, ವರ್ಷಕ್ಕೆ ಎರಡು ಸಲ, ತಪ್ಪದೇ. 2013ರಲ್ಲಿ ನಮ್ಮ ಜಿಲ್ಲೆಯಲ್ಲಿ ಕಾಲುಬಾಯಿ ಜ್ವರ ಬಂದಾಗ ಏನಾಯಿತು ಅನ್ನುವುದನ್ನು ಕೋಲಾರದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಸೀಮೆ ಹಸುಗಳು ಬಾಯಲ್ಲಿ ಜೊಲ್ಲು ಇಳಿಸಿಕೊಂಡು, ಗೊರಸು ಊರಲಾಗದೆ, ನಿಂತಲ್ಲೇ ನಡುಗುತ್ತಿದ್ದವು. ಹಾಲು ಕುಡಿಯುವ ಕರುಗಳು ನೋಡನೋಡುತ್ತಾ ಬಿದ್ದು ಸತ್ತವು. ಆ ಜ್ವರ ಎಳೆಗರುಗಳ ಹೃದಯಕ್ಕೇ ಹೊಡೆಯುತ್ತದೆ. ಉಳಿದ ಹಸುಗಳಲ್ಲೂ ಕೆಲವು ಬಿಸಿಲಿಗೆ ನಾಲಿಗೆ ಚಾಚಿ ಏದುಸಿರು ಬಿಡುವುದು ಆಮೇಲೂ ನಿಲ್ಲಲಿಲ್ಲ, ಹಾಲು ಮೊದಲಿನ ಮಟ್ಟಕ್ಕೆ ಬರಲೇ ಇಲ್ಲ. ಇಂಥದ್ದನ್ನು ಕಣ್ಣಾರೆ ಕಂಡವಳು ಲಸಿಕೆ ಬೇಡ ಅನ್ನುತ್ತಾಳಾ?

ನಾನು ಕೇಳುತ್ತಿರುವುದು ಬೇರೆ. ಕಲ್ಲು ಔಷಧಿ ಅಲ್ಲ, ಸರಿ. ಅದೊಂದು ದಾಖಲೆ ಹೌದೋ ಅಲ್ವೋ? ಇಲ್ಲಿ ರೋಗ ಬಂದಿತ್ತು, ಊರು ಹೆದರಿತ್ತು, ಎಲ್ಲರೂ ಸೇರಿ ಏನೋ ಒಂದು ಮಾಡಿದ್ದರು ಅನ್ನುವುದಕ್ಕೆ ಸಾಕ್ಷಿ ಅದು. ನಮ್ಮ ಜಿಲ್ಲೆಯ ತುರುಗೊಳ್ ವೀರಗಲ್ಲುಗಳನ್ನೇ ನೋಡಿ. ಶತ್ರುಗಳು ಹೊಡೆದುಕೊಂಡು ಹೋದ ದನಗಳನ್ನು ಬಿಡಿಸಿಕೊಂಡು ಬರಲು ಹೋಗಿ ಸತ್ತವರ ಕಲ್ಲುಗಳು. ಶಾಸನ ತಜ್ಞ ಬಿ. ಎಲ್. ರೈಸ್ 1905ರಲ್ಲಿ ಕೋಲಾರದ ಶಾಸನಗಳ ಸಂಪುಟ ತಂದಾಗಲೇ ಅಂಥವು ಎಷ್ಟೋ ಅಚ್ಚಾಗಿವೆ. ದನಕ್ಕಾಗಿ ಪ್ರಾಣ ಕೊಟ್ಟವರ ಹೆಸರು ನಮಗೆ ಗೊತ್ತು. ಆ ದನಗಳೇ ಸಾಲುಸಾಲಾಗಿ ಸತ್ತ ಕಥೆ ಯಾರಿಗೂ ಬೇಡವಾಗಿದೆ.

ಇನ್ನೊಂದು ವಿಷಯ ಹೇಳಲೇಬೇಕು, ಇದು ಸುಮ್ನೆ ಇತಿಹಾಸದ ಮಾತಲ್ಲ. ನೆರಡಿ ರೋಗ, ಅಂದರೆ ಆಂಥ್ರಾಕ್ಸ್, ಬಂದು ಸತ್ತ ದನವನ್ನು ಕೊಯ್ಯಬಾರದು, ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ ಹೂಳಬೇಕು ಅನ್ನುತ್ತಾರೆ. ಯಾಕೆಂದರೆ ಆ ರೋಗದ ಬೀಜ ಮಣ್ಣಲ್ಲಿ ಹತ್ತಾರು ವರ್ಷ ಬದುಕಿರುತ್ತದೆ. ನಮ್ಮೂರಲ್ಲಿ ಹಿಂದೆ ದನ ಹೂಳುತ್ತಿದ್ದ ಜಾಗ ಯಾವುದು ಅನ್ನುವುದು ಯಾವ ಪಹಣಿಯಲ್ಲೂ ಇಲ್ಲ. ದೊಡ್ಡಮ್ಮನ ತಲೆಯಲ್ಲಿದೆ. "ಆ ಹುಣಸೆ ಮರದಾಚೆ ದನ ಕಟ್ಟಬೇಡ್ರೋ" ಅಂತ ಈಗಲೂ ಬೈಯುತ್ತಾರೆ. ಹುಣಸೆ ಮರ ಯಾವತ್ತೋ ಹೋಯಿತು. ಅಲ್ಲಿ ಈಗ ಸೈಟು ಮಾಡುತ್ತಿದ್ದಾರೆ, ಜೆಸಿಬಿ ಮಣ್ಣು ಬಗೆಯುತ್ತಿದೆ. ಅಲ್ಲಿ ಯಾವ ರೋಗದ ದನ ಹೂತಿದ್ದರು? ಒಬ್ಬ ಪಶುವೈದ್ಯರೂ ಒಬ್ಬ ಜಾನಪದ ಓದಿದವರೂ ಜೊತೆಗೆ ಕೂತು ಕೇಳಿದರೆ ಮಾತ್ರ ತಿಳಿಯುವ ವಿಷಯ ಇದು. ಒಬ್ಬರೇ ಬಂದರೆ ಅರ್ಧ ಕೇಳಿ ಹೋಗುತ್ತಾರೆ.

ಪರಸೆಯ ವಿಷಯಕ್ಕೂ ಇದೇ ಸಂಕಟ. ಘಾಟಿ ಸುಬ್ರಹ್ಮಣ್ಯದಲ್ಲಿ ದನ ಸೇರುವುದು ಡಿಸೆಂಬರ್ ಹೊತ್ತಿಗೆ. ಶಿವರಾತ್ರಿ ಆಸುಪಾಸಿನಲ್ಲಿ ನಮ್ಮ ಆವಣಿ, ಚಿಕ್ಕಬಳ್ಳಾಪುರದ ನಂದಿ, ತುಮಕೂರಿನ ಸಿದ್ಧಗಂಗೆ. ಒಂದು ಕಡೆ ಒಳ್ಳೆ ರೇಟು ಸಿಗದಿದ್ದರೆ ಅದೇ ಜೋಡಿಯನ್ನು ಇನ್ನೊಂದು ಕಡೆಗೆ ಹೊಡೆಯುತ್ತಾರೆ. ಉತ್ತರ ಕರ್ನಾಟಕದವರು, ಆಂಧ್ರದವರು, ತಮಿಳುನಾಡಿನವರು ಎತ್ತು ಕೊಳ್ಳಲು ಬರುತ್ತಾರೆ. ಹಳ್ಳಿಕಾರ್ ಜೋಡಿಗೆ ಪೆಂಡಾಲ್ ಹಾಕಿ, ಕೊಂಬಿಗೆ ಕಳಸ ಹಾಕಿ, ವಾದ್ಯದ ಜೊತೆ ಕರೆತರುವ ಸಂಭ್ರಮ ನೋಡಿದವರಿಗೇ ಗೊತ್ತು. ಬಾಯಿ ಬಿಡಿಸಿ ಹಲ್ಲು ನೋಡುವುದು, ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುವುದು, ಎಲ್ಲವೂ ನಮ್ಮ ಪರಂಪರೆ. ಅದೇ ಹೊತ್ತಿಗೆ ಒಂದೇ ಗೋದಲಿಯಲ್ಲಿ ಹತ್ತೂರ ದನ ಮೂತಿ ಇಡುವುದೂ ಅಲ್ಲಿಯೇ. ಯಾವ ಪರಸೆಯಿಂದ ಯಾವ ಪರಸೆಗೆ ದನ ಹೋಗುತ್ತದೆ, ಯಾವ ದಾರಿಯಲ್ಲಿ ಹೋಗುತ್ತದೆ, ರಾತ್ರಿ ಎಲ್ಲಿ ಕಟ್ಟುತ್ತಾರೆ ಅನ್ನುವುದನ್ನು ದಲ್ಲಾಳಿಗಳು ಬಾಯಲ್ಲೇ ಹೇಳುತ್ತಾರೆ. ಅದು ಜಾತ್ರೆಯ ಚರಿತ್ರೆಯೂ ಹೌದು, ರೋಗ ನಡೆದ ದಾರಿಯ ನಕ್ಷೆಯೂ ಹೌದು. ಜಾನಪದ ವಿಭಾಗ ಅದನ್ನು ಆಚರಣೆ ಅಂತ ಬರೆದುಕೊಳ್ಳುತ್ತದೆ. ಪಶುವೈದ್ಯ ವಿಭಾಗ ಅಪಾಯ ಅಂತ ಬರೆದುಕೊಳ್ಳುತ್ತದೆ. ಇಬ್ಬರೂ ಒಂದೇ ಪೆಂಡಾಲಿನ ಎರಡು ಮೂಲೆಯಲ್ಲಿ ಕೂತಿರುತ್ತಾರೆ.

2022ರಲ್ಲಿ ಚರ್ಮಗಂಟು ರೋಗ ಬಂದಾಗ ದನಗಳ ಜಾತ್ರೆ, ಸಂತೆ ನಿಲ್ಲಿಸಿದರು. ನಿಲ್ಲಿಸಿದ್ದು ಸರಿ. ನಮ್ಮ ಕಡಸು ಆ ವರ್ಷವೇ ಹೋಯಿತು, ಅದನ್ನು ಬರೆಯುವಾಗ ಈಗಲೂ ಕೈ ನಿಲ್ಲುತ್ತದೆ. ಕತ್ತಿನ ಮೇಲೆ ಮೊದಲು ನಾಲ್ಕೈದು ಗಂಟು, ಬೆಳಗಾಗುವುದರೊಳಗೆ ಮೈಯೆಲ್ಲ. ಮುಂಗಾಲು ಊದಿ ಮಲಗಲೂ ಆಗದೆ ನಿಂತೇ ಇತ್ತು. ಅಪ್ಪ ರಾತ್ರಿಯೆಲ್ಲ ಬೇವಿನ ಸೊಪ್ಪಿನ ಹೊಗೆ ಹಾಕಿ ನೊಣ ಓಡಿಸುತ್ತಾ ಕೂತಿದ್ದರು. ಆ ರೋಗ ಹರಡುವುದೇ ಸೊಳ್ಳೆ, ಕಚ್ಚುವ ನೊಣ, ಉಣ್ಣೆಗಳಿಂದ ಅಂತ ಆಮೇಲೆ ಡಾಕ್ಟರು ಹೇಳಿದರು. ಮನುಷ್ಯರಿಗೆ ಅದು ಬರುವುದಿಲ್ಲ ಅಂತಲೂ ಹೇಳಿದರು. ಅಷ್ಟರಲ್ಲಿ ಊರಲ್ಲಿ ಹಾಲು ಕುಡಿಯಬೇಡಿ ಅನ್ನುವ ಸುಳ್ಳು ಸುದ್ದಿ ಹಬ್ಬಿ ಆಗಿತ್ತು. ಕನ್ನಡದಲ್ಲಿ ನಾಲ್ಕು ಸಾಲು ಬರೆದು ಡೇರಿ ಗೋಡೆಗೆ ಅಂಟಿಸಿದ್ದರೆ ಆ ಸುದ್ದಿ ಅಲ್ಲೇ ನಿಲ್ಲುತ್ತಿತ್ತು. ಜನಕ್ಕೆ ಹೇಗೆ ಹೇಳಬೇಕು ಅನ್ನುವುದು ಜನರ ಹಾಡು, ಕಥೆ, ಹಬ್ಬ ಓದಿದವರಿಗೆ ಗೊತ್ತಿರುತ್ತದೆ. ಅವರನ್ನು ಯಾರೂ ಕರೆಯಲಿಲ್ಲ.

"ಅವರವರ ವಿಭಾಗ, ಅವರವರ ಗೈಡು, ಅವರವರ ದುಡ್ಡು. ಸೇರಿಸೋದು ಅಷ್ಟು ಸುಲಭ ಅಲ್ಲ" ಅಂತ ಕಾಲೇಜಲ್ಲಿ ಪಾಠ ಮಾಡುವ ಗೆಳೆಯರೊಬ್ಬರು ಹೇಳಿದರು. ಕಷ್ಟ ಇರಬಹುದು. ಆದರೆ ದೂರ ಎಷ್ಟಿದೆ ನೋಡಿ. ಕೋಲಾರದಲ್ಲೇ 2017ರಿಂದ ವಿಶ್ವವಿದ್ಯಾಲಯ ಇದೆ. ತುಮಕೂರಿನಲ್ಲಿ 2004ರಿಂದ ಇದೆ. ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜು. ಪ್ರಾಣಿಗಳ ರೋಗ ಎಲ್ಲಿ ಹೇಗೆ ಹರಡುತ್ತದೆ ಅಂತ ದೇಶಕ್ಕೆಲ್ಲ ಲೆಕ್ಕ ಹಾಕುವ ನಿವೇದಿ ಸಂಸ್ಥೆ ಯಲಹಂಕದಲ್ಲಿ. ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟದೊಳಗೆ ಎಲ್ಲರೂ ಒಂದು ಕಡೆ ಸೇರಬಹುದು. ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಲ್ಲಿ ಅಮೃತಮಹಲ್ ತಳಿಯ ಸಂಶೋಧನಾ ಕೇಂದ್ರವೂ ಇದೆ. ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಅನ್ನುತ್ತಿದ್ದ ಅರಮನೆಯ ದನದ ಇಲಾಖೆಯಿಂದ ಬಂದ ದನ ಅದು, ಅಮೃತಮಹಲ್ ಅಂತ ಹೆಸರಿಟ್ಟವನು ಟಿಪ್ಪು. ಆ ದನದ ಚರಿತ್ರೆ ಬಿಟ್ಟು ತಳಿ ಓದಲಾಗುವುದಿಲ್ಲ, ತಳಿ ಬಿಟ್ಟು ಚರಿತ್ರೆ ಓದಲಾಗುವುದಿಲ್ಲ. ಶಿರಾ ಕಡೆಯ ಕಾಡುಗೊಲ್ಲರು ದನ ಕಾಯ್ದ ಜುಂಜಪ್ಪನನ್ನು ದೇವರು ಮಾಡಿಕೊಂಡು ಗಣೆ ಊದಿ ಹಾಡುತ್ತಾರೆ. ಆ ಹಾಡುಗಾರರ ಪಕ್ಕದಲ್ಲಿ ಒಬ್ಬ ಪಶುವೈದ್ಯ ವಿದ್ಯಾರ್ಥಿ ಒಂದು ರಾತ್ರಿ ಕೂರಲಿ. ದನದ ಬಗ್ಗೆ ಪ್ರಯೋಗಾಲಯದಲ್ಲಿ ಸಿಗದ ಎಷ್ಟೋ ಸಂಗತಿ ಸಿಗುತ್ತದೆ, ನನಗೆ ನಂಬಿಕೆ ಇದೆ.

ಇನ್ನೊಂದು ಬೇಡಿಕೆ ಇದೆ, ಇದನ್ನು ಬಿಡುವುದಿಲ್ಲ. ಇವತ್ತು ತೆಗೆದ ರಕ್ತದ ರಿಪೋರ್ಟ್ ನಮಗೂ ಬೇಕು. ಕಂದು ರೋಗ, ಅಂದರೆ ಹಸುಗಳಿಗೆ ಗರ್ಭ ಹೋಗುವ ಬ್ರುಸೆಲ್ಲೋಸಿಸ್, ಇದೆಯಾ ಅಂತ ನೋಡುತ್ತೇವೆ ಅಂದರು. ಅದು ಹಸಿ ಹಾಲಿನಿಂದ, ಕಂದು ಹಾಕಿದ ಹಸುವಿನ ಮಾಸು ಮುಟ್ಟುವುದರಿಂದ ಮನುಷ್ಯರಿಗೂ ಬರುವ ರೋಗ. ನಮ್ಮಲ್ಲಿ ಮಾಸು ತೆಗೆಯುವವರು ಬರಿಗೈಯಲ್ಲೇ ತೆಗೆಯುತ್ತಾರೆ. ಫಲಿತಾಂಶ ಯಾವುದೋ ಇಂಗ್ಲಿಷ್ ಪತ್ರಿಕೆಯಲ್ಲಿ ಅಚ್ಚಾಗಿ, ಹಸು ಸಾಕಿದವರಿಗೆ ಗೊತ್ತೇ ಆಗದಿದ್ದರೆ ಆ ರಕ್ತ ತೆಗೆದದ್ದು ಯಾರಿಗಾಗಿ? ಕಲ್ಲಿನ ಅಚ್ಚಿನದ್ದೂ ಅದೇ ಮಾತು. ಅದರ ಒಂದು ಪ್ರತಿ ನಮ್ಮ ಶಾಲೆಯ ಗೋಡೆಗೆ ಬರಬೇಕು.

ಗೆಳೆಯರಲ್ಲಿ ಮೇಷ್ಟ್ರುಗಳು ಜಾಸ್ತಿ ಇದ್ದೀರಿ. ನಿಮ್ಮ ವಿದ್ಯಾರ್ಥಿಗಳನ್ನು ಹಳ್ಳಿಗೆ ಕಳಿಸುವಾಗ ಇನ್ನೊಂದು ವಿಭಾಗದ ಒಬ್ಬರನ್ನಾದರೂ ಜೊತೆಗೆ ಕಳಿಸಿ. ನಮ್ಮೂರಿಗೆ ಬರುವುದಾದರೆ ಬೆಳಿಗ್ಗೆ ಡೇರಿಗೆ ಹಾಲು ಹಾಕಿದ ಮೇಲೆ ಬನ್ನಿ, ದೊಡ್ಡಮ್ಮ ಬಿಡುವಾಗಿರುತ್ತಾರೆ. ನಿಮ್ಮ ಊರಲ್ಲೂ ಇಂಥ ಕಲ್ಲು ಇದ್ದರೆ ಫೋಟೋ ಹಾಕಿ. ಬರೀ ಫೋಟೋ ಸಾಲದು. ಯಾವ ರೋಗಕ್ಕೆ ನಿಲ್ಲಿಸಿದ್ದು, ಆಗ ದನ ಹೇಗೆ ಸತ್ತವು, ಎಲ್ಲಿ ಹೂತರು, ಇದನ್ನೆಲ್ಲ ಹೇಳಬಲ್ಲ ಹಿರಿಯರು ಇನ್ನೂ ಇದ್ದಾರಾ ಅನ್ನುವುದನ್ನೂ ಬರೆಯಿರಿ.