ಹನ್ನೆರಡು ನಿಮಿಷ ಅಂದ್ರೆ ಎಷ್ಟು ಮಾರಾಯ್ರೆ?

ಒಂದು ಗಂಟೆಗೆ 12 ನಿಮಿಷ. ಸಮುದಾಯ ರೇಡಿಯೊದಲ್ಲಿ (ಕಾಲೇಜು, ಸಂಘ-ಸಂಸ್ಥೆಯವರು ಊರಿನವರಿಗಾಗಿ ನಡೆಸುವ ಸಣ್ಣ ಸ್ಟೇಷನ್) ಜಾಹೀರಾತಿಗೆ ಇರುವುದು ಅಷ್ಟೇ. ಮೊದಲು 7 ಇತ್ತು, 2024ರಲ್ಲಿ ಕೇಂದ್ರ ಸರಕಾರ 12ಕ್ಕೆ ಏರಿಸಿತು. ಏರಿಸಲಿ, ಪಾಪ, ಅವರಿಗೂ ಕರೆಂಟ್ ಬಿಲ್ ಇದೆ. ಆದರೆ ನಮ್ಮ ಕಡೆ ಸಿಗುವ ಒಂದು ಸ್ಟೇಷನ್ನಿಗೆ (ಕೇರಳ-ಕರ್ನಾಟಕ ಗಡಿಯ ಈಚೆಯದ್ದೋ ಆಚೆಯದ್ದೋ, ಹೆಸರು ಬೇಡ) ಆ 12 ಕೂಡ ಸಾಲುವುದಿಲ್ಲ.

ನನ್ನದು ಕಾಸರಗೋಡು ಜಿಲ್ಲೆಯ ಪೆರ್ಲದಲ್ಲಿ ಟೈಲರ್ ಅಂಗಡಿ. ಶಟರ್ ಎತ್ತಿದ ಕೂಡಲೇ ರೇಡಿಯೊ, ರಾತ್ರಿ ಶಟರ್ ಎಳೆಯುವವರೆಗೂ ರೇಡಿಯೊ. ಹಾಗಾಗಿ ಸುಮ್ನೆ ಬಾಯಿಗೆ ಬಂದದ್ದು ಹೇಳುತ್ತಿಲ್ಲ. ಒಂದು ದಿನ ಗೋಡೆ ಗಡಿಯಾರ ನೋಡಿಕೊಂಡು, ಬಟ್ಟೆಗೆ ಗುರುತು ಹಾಕುವ ಚಾಕಿನಲ್ಲೇ ಕಟಿಂಗ್ ಮೇಜಿನ ಮೇಲೆ ಜಾಹೀರಾತಿನ ನಿಮಿಷಕ್ಕೊಂದು ಗೆರೆ ಎಳೆಯುತ್ತಾ ಹೋದೆ. ಎಂಟರಿಂದ ಒಂಬತ್ತರೊಳಗೆ 21 ಗೆರೆ! ಅದರಲ್ಲಿ ಒಂದೇ ಚಿನ್ನದಂಗಡಿ ಒಂಬತ್ತು ಸಲ. ಆಮೇಲೆ ಯಾರೋ ರವಿಕೆ ಪೀಸು ತಂದು ಅದರ ಮೇಲೆಯೇ ಹರಡಿದರು, ಅರ್ಧ ಲೆಕ್ಕ ಬಟ್ಟೆಗೆ ಅಂಟಿಕೊಂಡು ಹೋಯಿತು. ಅದು ಬಿಡಿ.

ಕೇಂದ್ರ ಸರಕಾರಕ್ಕೆ ದೂರು ಬರೆದು ರಿಜಿಸ್ಟರ್ಡ್ ಪೋಸ್ಟಿನಲ್ಲೇ ಕಳಿಸಿದೆ. ನಾಲ್ಕು ತಿಂಗಳಾದ ಮೇಲೆ ಉತ್ತರ ಬಂತು, ಹಿಂದಿಯಲ್ಲಿ. ಮಲಯಾಳ ಆಗಿದ್ದರೆ ಪಕ್ಕದ ಬೇಕರಿಯವರ ಹತ್ತಿರ ಓದಿಸುತ್ತಿದ್ದೆ, ಹಿಂದಿಗೆ ಎಲ್ಲಿಗೆ ಹೋಗಲಿ? ಕೊನೆಗೆ ಪ್ಲಸ್ ಟು ಓದುವ ಅಕ್ಕನ ಮಗಳು ಓದಿ ಹೇಳಿದಳು, ಪ್ರಸಾರದ ರೆಕಾರ್ಡಿಂಗ್ ಕಳಿಸಬೇಕಂತೆ. "ಮಾವ, ಮೇಜನ್ನೇ ಪಾರ್ಸೆಲ್ ಮಾಡಿ" ಅಂತ ನಗು ಬೇರೆ. ಅಲ್ಲ ಸ್ವಾಮಿ, ರೆಕಾರ್ಡಿಂಗ್ ಇಟ್ಟುಕೊಳ್ಳಬೇಕಾದದ್ದು ಸ್ಟೇಷನ್ನಿನವರು ಅಲ್ವಾ? ಪ್ರಸಾರ ಆದದ್ದನ್ನೆಲ್ಲ ಮೂರು ತಿಂಗಳು ಇಡಬೇಕು ಅಂತ ನಿಯಮವೇ ಇದೆ. ನೀವು ಬಾಯಿ ಬಿಟ್ಟದ್ದೇ ನಾಲ್ಕು ತಿಂಗಳಾದ ಮೇಲೆ!

ಶಿಕ್ಷೆ ಇಲ್ಲ ಅಂತಲ್ಲ, ಕಾಗದದಲ್ಲಿ ಜೋರಾಗಿಯೇ ಇದೆ. ಮೊದಲ ತಪ್ಪಿಗೆ ಒಂದು ತಿಂಗಳವರೆಗೆ ಪ್ರಸಾರ ಬಂದ್, ಎರಡನೆಯದಕ್ಕೆ ಮೂರು ತಿಂಗಳವರೆಗೆ, ಮತ್ತೂ ಬುದ್ಧಿ ಬರದಿದ್ದರೆ ಅನುಮತಿಯೇ ರದ್ದು. ಆದರೆ ಬಂದ್ ಆದರೆ ನಷ್ಟ ಯಾರಿಗೆ? ಸಂಜೆ ಅಡಿಕೆಯ ಕೊಳೆರೋಗ, ಮದ್ದು ಬಿಡುವುದು ಅಂತ ನಮ್ಮ ಕೃಷಿಕರೇ ಬಂದು ಕನ್ನಡ, ತುಳು ಎರಡರಲ್ಲೂ ಮಾತಾಡುವ ಅರ್ಧ ಗಂಟೆ ಇದೆ, ಅದಕ್ಕಾಗಿಯೇ ನಾನು ಇಷ್ಟು ಬೈದುಕೊಂಡೂ ಆ ಸ್ಟೇಷನ್ ಬದಲಿಸದೆ ಕೂತಿರುವುದು, ಅದೂ ಹೋಗುತ್ತದೆ. ಜಾಹೀರಾತಿನ ದುಡ್ಡಿನಿಂದಲೇ ದಂಡ ಕಟ್ಟಿಸಿ ನೋಡಿ, ಮರುದಿನವೇ ಗಡಿಯಾರ ನೋಡಲು ಕಲಿಯುತ್ತಾರೆ.

ನಮ್ಮೂರಲ್ಲಿ ಯಕ್ಷಗಾನ ಆಟ ಇದ್ದರೆ ರಾತ್ರಿ ಹತ್ತಾಗುವುದೇ ತಡ, ಮೈಕ್ ಬಂದ್ ಮಾಡಿ ಅನ್ನಲು ಜನ ಬಂದು ನಿಲ್ಲುತ್ತಾರೆ. ಭಾಗವತರು ಪದ ಮುಗಿಸಲಿ ಅಂತಲೂ ಇಲ್ಲ. ಅಲ್ಲಿ ಒಂದು ನಿಮಿಷ ಜಾಸ್ತಿ ಆಗಬಾರದು, ಇಲ್ಲಿ ಒಂದೇ ಗಂಟೆಯಲ್ಲಿ ಒಂಬತ್ತು ನಿಮಿಷ ಜಾಸ್ತಿ ಆದರೂ ಕೇಳುವವರಿಲ್ಲ.

ಇವತ್ತು ಫೋನಿನಲ್ಲೇ ರೆಕಾರ್ಡ್ ಮಾಡಿದ್ದೇನೆ. ಒಂದು ಗಂಟೆಯಲ್ಲಿ ಜಾಹೀರಾತೇ 23 ನಿಮಿಷ. ದೂರನ್ನು ಹಿಂದಿಯಲ್ಲಿ ಬರೆದುಕೊಡುವವರು ಪೆರ್ಲ, ಬದಿಯಡ್ಕ ಕಡೆ ಯಾರಾದರೂ ಇದ್ದೀರಾ? ಬದಲಿಗೆ ಒಂದು ಅಂಗಿ ಹೊಲಿದುಕೊಡುತ್ತೇನೆ.