ಹೊಗೆ ಬೇಕು, ಗೇಟು ಮಾತ್ರ ತೆರೆಯುವುದಿಲ್ಲ

ನಿನ್ನೆ ಬೆಳಿಗ್ಗೆ ಜಿಟಿಜಿಟಿ ಮಳೆಯಲ್ಲಿ ಕೊಡೆ ಹಿಡಿದು, ಸೊಳ್ಳೆಮರಿ ಹುಡುಕುವ ಲಾರ್ವಾ ಸಮೀಕ್ಷೆಗೆಂದು ನಮ್ಮ ಬಡಾವಣೆಗೆ ಬಂದ ಆಶಾ ಕಾರ್ಯಕರ್ತೆಯನ್ನು ಪಕ್ಕದ ಮನೆಯ ಮಹನೀಯರು "ನಮ್ಮಲ್ಲೆಲ್ಲ ಕ್ಲೀನಾಗಿದೆ ಮೇಡಂ, ಎದುರಿನ ಚರಂಡಿ ನೋಡಿ" ಎಂದು ಗೇಟಿನಿಂದಲೇ ಸಾಗಹಾಕಿದರು. ಮಧ್ಯಾಹ್ನದ ಹೊತ್ತಿಗೆ ಅದೇ ಮಹನೀಯರು ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ, ಡೆಂಗಿ ಹರಡುತ್ತಿದ್ದರೂ ಸೊಳ್ಳೆಗೆ ಹೊಗೆ ಬಿಡುವ ಫಾಗಿಂಗ್ ಮಾಡಿಸುವವರಿಲ್ಲ, ಯಾರಿಗೂ ಜವಾಬ್ದಾರಿಯಿಲ್ಲ ಎಂದು ಗುಡುಗಿದ್ದರು. (ಅವರು ನನಗೆ ದೂರದ ನೆಂಟರು, ಆದ್ದರಿಂದಲೇ ಅಲ್ಲಿ ಬಾಯಿ ಮುಚ್ಚಿಕೊಂಡು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಧೈರ್ಯ ಅಷ್ಟೇ.)

ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಎದುರಿನ ಚರಂಡಿಗಿಂತ ನಮ್ಮ ಮನೆಯಂಗಳವೇ ಇಷ್ಟ. ಸೂರಿನ ನೀರಿಗೆ ಇಟ್ಟ ಡ್ರಮ್ಮು, ಫ್ರಿಜ್ಜಿನ ಹಿಂದಿನ ತಟ್ಟೆ, ಕಾಫಿ ಒಣಗಿಸಿದ ಮೇಲೆ ಹೊರಗೇ ಮಡಚಿ ಬಿಟ್ಟ ಟಾರ್ಪಲಿನ ಸುಕ್ಕು, ಹಳೆಯ ಟೈರು, ಕಡಿದ ಬಿದಿರಿನ ಬುಡ, ಇಂಥ ಕಡೆ ನಿಂತ ತಿಳಿನೀರಿನಲ್ಲಿ ಅದು ಮೊಟ್ಟೆಯಿಡುತ್ತದೆ. ಕುತೂಹಲಕ್ಕೆ ಆ ಕಾರ್ಯಕರ್ತೆಯ ಹಿಂದೆ ನಾನೂ ಹೋದೆ. ಕೆಳಗಿನ ಹೋಂಸ್ಟೇಯ ಜಗಲಿಯಲ್ಲಿ, ಅತಿಥಿಗಳು ಫೋಟೊ ತೆಗೆಯಲೆಂದೇ ಇಟ್ಟ ದೊಡ್ಡ ಹಿತ್ತಾಳೆಯ ಉರುಳಿಯಲ್ಲಿ ದಾಸವಾಳಗಳು ತೇಲುತ್ತಿದ್ದವು. ಕಾರ್ಯಕರ್ತೆ ಹೂವನ್ನು ಸರಿಸಿ ಟಾರ್ಚು ಬಿಟ್ಟರು. ನೀರಿನ ಮೇಲ್ಮೈಗೆ ತಲೆಕೆಳಗಾಗಿ ಜೋತುಬಿದ್ದಿದ್ದ ಮರಿಗಳು ಬೆಳಕು ಬಿದ್ದೊಡನೆ ಬಳುಕುತ್ತಾ ತಳಕ್ಕಿಳಿದವು. ನೀರನ್ನು ಚೆಲ್ಲಿ, ಪಾತ್ರೆಯ ಒಳಬದಿಯನ್ನು ತಿಕ್ಕಿಡುವಂತೆ ಹೇಳಿದರೆ, ಅಲ್ಲಿಯ ಹುಡುಗ "ಓನರ್ ಕೇಳಿ ಹೇಳ್ತೇನೆ" ಎಂದ. ಸೊಳ್ಳೆಯಾಗಲು ಓನರ್ ಒಪ್ಪಿಗೆ ಬೇಕಾಗಿರಲಿಲ್ಲ.

ತಿಕ್ಕಿ ಎಂದು ಅವರು ಸುಮ್ಮನೆ ಹೇಳಿದ್ದಲ್ಲ. ಮೊಟ್ಟೆಗಳು ಪಾತ್ರೆಯ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿದ್ದರೂ ಸಾಯದೆ, ಮತ್ತೆ ನೀರು ಸೋಕಿದಾಗ ಒಡೆಯುತ್ತವೆ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಬೆಚ್ಚಗಿನ ದಿನಗಳಲ್ಲಿ 7ರಿಂದ 10 ದಿನ ಸಾಕು. ವಾರಕ್ಕೊಮ್ಮೆ ನೀರು ಚೆಲ್ಲಿ ಎಂಬ ಲೆಕ್ಕ ಬಂದದ್ದು ಅಲ್ಲಿಂದ. ಹೊಗೆ ಕೊಲ್ಲುವುದು ಆ ಹೊತ್ತಿನಲ್ಲಿ ಹಾರಾಡುತ್ತಿರುವ ಸೊಳ್ಳೆಯನ್ನು ಮಾತ್ರ. ಮಂಚದ ಕೆಳಗೆ, ಪರದೆಯ ಹಿಂದೆ, ಗೂಟಕ್ಕೆ ನೇತುಹಾಕಿದ ಬಟ್ಟೆಯಲ್ಲಿ ಅಡಗಿ ಕುಳಿತ ಸೊಳ್ಳೆಗೆ ಬೀದಿಯ ಹೊಗೆ ತಲುಪುವುದಿಲ್ಲ, ಅದರಲ್ಲೂ ಹೊಗೆಯ ವಾಹನ ಬಂದ ಕೂಡಲೇ ನಾವು ಓಡಿಹೋಗಿ ಕಿಟಕಿ ಮುಚ್ಚುವಾಗ. ನೀರಿನೊಳಗಿನ ಮರಿಗಂತೂ ಅದು ಬಂದದ್ದೂ ಗೊತ್ತಾಗುವುದಿಲ್ಲ. ಆದರೆ ಹೊಗೆ ಕಣ್ಣಿಗೆ ಕಾಣುತ್ತದೆ, ಸದ್ದು ಮಾಡುತ್ತದೆ, ಪತ್ರಿಕೆಯ ಚಿತ್ರಕ್ಕೆ ಚೆನ್ನಾಗಿರುತ್ತದೆ.

ಕೊಡಗಿನ ಚಳಿ ಮಳೆಗೆ ಸೊಳ್ಳೆ ಎಲ್ಲಿ ಉಳಿಯುತ್ತದೆ ಎಂದು ಕೇಳುವ ಹಿರಿಯರಿದ್ದಾರೆ. ಚಳಿಗೆ ಮರಿಗಳ ಬೆಳವಣಿಗೆ ನಿಧಾನವಾಗುವುದೂ, ಜಡಿಮಳೆಗೆ ಅವು ಕೊಚ್ಚಿಹೋಗುವುದೂ ನಿಜವೇ. ಆದರೆ ಮಳೆ ಬಿಡುವು ಕೊಟ್ಟು ಬಿಸಿಲು ಬಿದ್ದ ವಾರದಲ್ಲಿ, ಮಡಿಕೇರಿಗಿಂತ ತಗ್ಗಿನಲ್ಲಿರುವ ಕುಶಾಲನಗರದ ಕಡೆ ಹೋಗಿ ಯಾವುದಾದರೂ ಮನೆಯ ಹಿತ್ತಲಲ್ಲಿ ಸಂಜೆ ಐದಕ್ಕೆ ಕುಳಿತು ಈ ಮಾತು ಹೇಳಲಿ, ನೋಡೋಣ. ಈ ಸೊಳ್ಳೆ ಕಚ್ಚುವುದು ಹಗಲಿನಲ್ಲಿ, ಹೆಚ್ಚಾಗಿ ಬೆಳಿಗ್ಗೆ ಮತ್ತು ಮುಸ್ಸಂಜೆಗೆ ಮೊದಲು. ರಾತ್ರಿ ಕಾಯಿಲ್ ಹಚ್ಚಿ ಗೆದ್ದೆವೆಂದುಕೊಳ್ಳುವವರಿಗೂ ಇದು ತಿಳಿದಿರಲಿ.

ಕೊಡವರ ಕಕ್ಕಡ ತಿಂಗಳ ಹದಿನೆಂಟಕ್ಕೆ ಮದ್ದು ಸೊಪ್ಪಿನ ಪಾಯಸ ತಪ್ಪದೆ ಉಂಡು ವರ್ಷದ ಆರೋಗ್ಯ ಗಟ್ಟಿಯಾಯಿತೆನ್ನುವ ಬಳಗ ನಮ್ಮದು. ನಾನೂ ಎರಡು ಬಟ್ಟಲು ಉಣ್ಣುವವನೇ. ಅದೇ ದಿನ ಹಿತ್ತಲಿನ ಡ್ರಮ್ಮನ್ನೂ ಬೋರಲು ಹಾಕಿದರೆ ಪಾಯಸದ ರುಚಿಯೇನೂ ಕೆಡುವುದಿಲ್ಲ.

2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಗೊತ್ತುಮಾಡಿತು. ವಾಣಿಜ್ಯ ಸ್ಥಳಗಳಿಗೆ ಅದು 1000 ಮತ್ತು 500 ರೂಪಾಯಿ. ಅತಿಯಾಯಿತೆಂದು ಆಗ ಗೊಣಗಿದವರಲ್ಲಿ ನಮ್ಮ ನೆಂಟರೂ ಒಬ್ಬರು. ನನಗಂತೂ ಇದು ತೀರ ಕಡಿಮೆಯೆನಿಸುತ್ತದೆ: ಒಂದು ರಾತ್ರಿಗೆ ಸಾವಿರಾರು ರೂಪಾಯಿ ಎಣಿಸಿಕೊಳ್ಳುವ ಉರುಳಿಯ ಮಾಲೀಕರಿಗೆ ಆ ದಂಡ ಯಾವ ಮೂಲೆಗೆ?